ಪ್ರಯೋಗದ ಇಲಿಗಳು ನರಳುತ್ತಿವೆ ಎನಿಸಿದರೆ ಯಾರಿಗೆ ಹೇಳಬೇಕು, ಹೇಗೆ ಹೇಳಬೇಕು?

ಪ್ರಶ್ನೆ: ನಾನು ವಿಶ್ವವಿದ್ಯಾಲಯವೊಂದರಲ್ಲಿ ಪಿಎಚ್.ಡಿ. ಎರಡನೆಯ ವರ್ಷದ ವಿದ್ಯಾರ್ಥಿನಿ. ನಮ್ಮ ಗುಂಪಿನಲ್ಲಿ ಇಲಿಗಳ ಮೇಲೆ ಶಸ್ತ್ರಚಿಕಿತ್ಸೆ ಮಾಡುತ್ತಾರೆ. ಕೆಲವು ಇಲಿಗಳಲ್ಲಿ ಗೆಡ್ಡೆ ಬೆಳೆಸಿ ಔಷಧಗಳನ್ನು ಪರೀಕ್ಷಿಸುತ್ತಾರೆ. ಶುಕ್ರವಾರ ಶಸ್ತ್ರಚಿಕಿತ್ಸೆಯಾದ ಇಲಿಗಳಿಗೆ ಶನಿವಾರ, ಭಾನುವಾರ ನೋವಿನ ಔಷಧ ಕೊಡಲು ಯಾರೂ ಬಂದಂತೆ ಕಾಣುವುದಿಲ್ಲ. ಆದರೆ ಔಷಧ ಕೊಟ್ಟದ್ದನ್ನು ದಾಖಲಿಸುವ, ಶನಿವಾರ ಖಾಲಿಯಿದ್ದ ಹಾಳೆಯಲ್ಲಿ ಸೋಮವಾರ ಬಂದು ನೋಡಿದರೆ ಎರಡೂ ದಿನದ ಸಹಿ ಇರುತ್ತದೆ. ಕಳೆದ ವಾರದಿಂದ ಒಂದು ಇಲಿಯ ಪಕ್ಕೆಯ ಗೆಡ್ಡೆ ಒಡೆದು ಹುಣ್ಣಾಗಿದೆ, ಅದು ಹಿಂಗಾಲು ಎಳೆದುಕೊಂಡು ನಡೆಯುತ್ತಿದೆ. ಇನ್ನು ಕೆಲವು ಇಲಿಗಳಿಗೆ ಮೀಸೆಯೇ ಇಲ್ಲ, ಪಕ್ಕದ ಪಂಜರದ ದೊಡ್ಡ ಜಾತಿಯ ಇಲಿಗಳಾದ ರ‍್ಯಾಟ್‌ಗಳ ಕಣ್ಣಿನ ಸುತ್ತ ರಕ್ತದಂಥ ಕಲೆ ಇದೆ. ಹಿರಿಯ ಸಂಶೋಧಕರನ್ನು ಕೇಳಿದರೆ ‘ಎಲ್ಲದಕ್ಕೂ ಕಮಿಟಿಯ ಒಪ್ಪಿಗೆ ಇದೆ, ಇನ್ನೆರಡು ಅಳತೆ ಸಿಕ್ಕರೆ ಸಾಕು’ ಎಂದರು. ಗೈಡ್ ಪ್ರಾಣಿಗಳ ಕೋಣೆಗೆ ಬರುವುದೇ ಅಪರೂಪ. ದೂರು ಕೊಟ್ಟರೆ ನನ್ನ ಪದವಿಯ ಗತಿ ಏನು? ಹೆಸರು ಹೇಳದೆ ಕೊಡಬಹುದೇ? ಫೋನಿನಲ್ಲಿ ವಿಡಿಯೊ ತೆಗೆದು ಜಾಲತಾಣದಲ್ಲಿ ಹಾಕಿಬಿಡು ಎಂದು ಗೆಳತಿ ಹೇಳುತ್ತಾಳೆ. ನನಗೆ ಅನುಭವ ಸಾಲದೆ ಹೀಗೆಲ್ಲ ಅನಿಸುತ್ತಿದೆಯೇ ಎಂಬ ಅನುಮಾನವೂ ಇದೆ.

ಉತ್ತರ: ನಿಮ್ಮ ಉಳಿದ ಪ್ರಶ್ನೆಗಳಿಗೆ ಉತ್ತರ ಹುಡುಕಲು ಒಂದೆರಡು ದಿನ ತೆಗೆದುಕೊಳ್ಳಬಹುದು, ಗೆಡ್ಡೆ ಒಡೆದಿರುವ ಇಲಿಗೆ ಅಷ್ಟು ಸಮಯವಿಲ್ಲ. ಇದನ್ನು ಓದಿ ಮುಗಿಸುವ ಮೊದಲೇ ನಿಮ್ಮ ಸಂಸ್ಥೆಯ ಪಶುವೈದ್ಯರಿಗೆ ಫೋನ್ ಮಾಡಿ, ಪಂಜರದ ಸಂಖ್ಯೆ ಹೇಳಿ, ‘ಗೆಡ್ಡೆ ಹುಣ್ಣಾಗಿದೆ, ಇಲಿ ಸರಿಯಾಗಿ ನಡೆಯುತ್ತಿಲ್ಲ, ದಯವಿಟ್ಟು ಇವತ್ತೇ ನೋಡಿ’ ಎಂದಷ್ಟೇ ತಿಳಿಸಿ. ಇದು ಯಾರ ಮೇಲಿನ ದೂರೂ ಅಲ್ಲ. ಕಾಯಿಲೆ ಬಿದ್ದ ಪ್ರಾಣಿಯನ್ನು ವೈದ್ಯರಿಗೆ ತೋರಿಸುವುದು ಆ ಕೋಣೆಗೆ ಕಾಲಿಡುವ ಪ್ರತಿಯೊಬ್ಬರ ದಿನನಿತ್ಯದ ಕರ್ತವ್ಯ. ಅದಕ್ಕೆ ಗೈಡ್‌ ಅವರ ಅನುಮತಿಯಾಗಲಿ, ಹಿರಿಯರ ಒಪ್ಪಿಗೆಯಾಗಲಿ ಬೇಕಿಲ್ಲ. ವ್ಯವಸ್ಥೆ ಸರಿಯಾಗಿರುವ ಸಂಸ್ಥೆಗಳಲ್ಲಿ, ಪ್ರಾಣಿಯ ನೋವು ಮಿತಿ ಮೀರಿದೆ ಎಂದು ಕಂಡರೆ ಚಿಕಿತ್ಸೆ ಕೊಡುವ, ಅದು ಸಾಧ್ಯವಾಗದಿದ್ದರೆ ದಯಾಮರಣ ನೀಡುವ ಅಧಿಕಾರ ಪಶುವೈದ್ಯರಿಗೆ ಇರುತ್ತದೆ. ಇನ್ನೆರಡು ಅಳತೆ ಬಾಕಿ ಇದೆ ಎಂಬ ಕಾರಣ ಅದನ್ನು ತಡೆಯಲಾರದು. ಪ್ರಯೋಗಾಲಯದ ಪ್ರಾಣಿಗಳ ಪಶುವೈದ್ಯೆಯಾಗಿ ಮತ್ತು ಪ್ರಾಣಿ ಪ್ರಯೋಗಗಳನ್ನು ಪರಿಶೀಲಿಸಿ ಒಪ್ಪಿಗೆ ಕೊಡುವ ನೈತಿಕ ಸಮಿತಿಗಳ ಸದಸ್ಯೆಯಾಗಿ ಇಂಥ ಫೋನ್ ಕರೆಗಳನ್ನು ನಾನು ಬಹಳ ಸ್ವೀಕರಿಸಿದ್ದೇನೆ. ನೋಡಿ ಬಂದ ಮೇಲೆ ಏನೂ ಇರಲಿಲ್ಲ ಎಂದು ತಿಳಿದಾಗಲೂ ಕರೆ ಮಾಡಿದವರ ಮೇಲೆ ನನಗೆ ಬೇಸರವಾಗಿಲ್ಲ.

ನಿಮ್ಮ ಪತ್ರದಲ್ಲಿ ಒಂದೇ ಸಂಕಟದಂತೆ ಹೆಣೆದುಕೊಂಡಿರುವ ಸಂಗತಿಗಳು ವಾಸ್ತವವಾಗಿ ನಾಲ್ಕು. ಒಂದು ಪ್ರಾಣಿ ಈಗ ನರಳುತ್ತಿದೆ. ವಾರಾಂತ್ಯದಲ್ಲಿ ನೋವಿನ ಔಷಧ ತಪ್ಪುತ್ತಿರಬಹುದು. ಕೊಡದ ಔಷಧಕ್ಕೆ ಸಹಿ ಬೀಳುತ್ತಿರಬಹುದು. ಕೆಲವು ಇಲಿಗಳ ಮೀಸೆ, ಕಣ್ಣು ಸರಿಯಿಲ್ಲ. ಈ ನಾಲ್ಕಕ್ಕೂ ಕಾರಣ ಬೇರೆ, ಹೇಳಬೇಕಾದ ಜಾಗ ಬೇರೆ, ನಿಮಗಿರುವ ಅಪಾಯವೂ ಬೇರೆ. ಎಲ್ಲವನ್ನೂ ಒಂದೇ ಪತ್ರದಲ್ಲಿ ತುಂಬಿ ‘ನಮ್ಮ ಲ್ಯಾಬ್‌ನಲ್ಲಿ ಪ್ರಾಣಿಹಿಂಸೆ ನಡೆಯುತ್ತಿದೆ’ ಎಂದು ಬರೆದರೆ, ಅತ್ಯಂತ ದುರ್ಬಲವಾದ ಅಂಶವನ್ನು ಹಿಡಿದುಕೊಂಡು ಉಳಿದ ಮೂರನ್ನೂ ತಳ್ಳಿಹಾಕುವುದು ಸುಲಭವಾಗುತ್ತದೆ.

ಆ ದುರ್ಬಲ ಅಂಶ ಮೀಸೆ ಮತ್ತು ಕಣ್ಣಿನದು. ಒಟ್ಟಿಗೆ ಇಟ್ಟ ಇಲಿಗಳಲ್ಲಿ ಒಂದು ಇಲಿ ಜೊತೆಯವುಗಳ ಮೀಸೆಯನ್ನೂ ಮುಖದ ರೋಮವನ್ನೂ ಕಡಿದುಹಾಕುವುದುಂಟು. ಸಾಮಾನ್ಯವಾಗಿ ಆ ಪಂಜರದಲ್ಲಿ ಪೂರ್ತಿ ಮೀಸೆ ಉಳಿಸಿಕೊಂಡಿರುವುದೇ ಕಡಿಯುವ ಇಲಿ. ಪಂಜರದಲ್ಲಿ ಮಾಡಲು ಬೇರೇನೂ ಇಲ್ಲದಿರುವುದೂ ಇದಕ್ಕೆ ಒಂದು ಕಾರಣವಾಗಿರಬಹುದಾದ್ದರಿಂದ ಅದನ್ನು ತಿಳಿಸಬೇಕು ನಿಜ, ಆದರೆ ಅದು ಕ್ರೌರ್ಯದ ಗುರುತಲ್ಲ. ರ‍್ಯಾಟ್‌ಗಳ ಕಣ್ಣು, ಮೂಗಿನ ಸುತ್ತ ಕಾಣುವ ಕೆಂಪು ಕಲೆ ರಕ್ತವೂ ಅಲ್ಲ. ಕಣ್ಣಿನ ಹಿಂದಿರುವ ಹಾರ್ಡೇರಿಯನ್ ಗ್ರಂಥಿಯ ಸ್ರಾವದಲ್ಲಿರುವ ಪಾರ್ಫಿರಿನ್ ಎಂಬ ಬಣ್ಣದ ವಸ್ತು ಅದು. ಆರೋಗ್ಯವಾಗಿರುವ ರ‍್ಯಾಟ್ ಅದನ್ನು ಮುಂಗಾಲಿನಿಂದ ಒರೆಸಿಕೊಂಡುಬಿಡುತ್ತದೆ. ಕಾಯಿಲೆ, ನೋವು ಅಥವಾ ಒತ್ತಡದಲ್ಲಿ ಸ್ರಾವ ಹೆಚ್ಚುತ್ತದೆ, ಒರೆಸಿಕೊಳ್ಳುವುದು ಕಡಿಮೆಯಾಗುತ್ತದೆ. ಹಾಗಾಗಿ ಅದು ‘ಗಮನಿಸಿ’ ಎನ್ನುವ ಸೂಚನೆ, ಗಾಯವಲ್ಲ. ಇದೇ ರೀತಿ ಸಿ57 ಬ್ಲ್ಯಾಕ್ 6 ತಳಿಯ ಇಲಿಗಳಲ್ಲಿ ಯಾರ ನಿರ್ಲಕ್ಷ್ಯವೂ ಇಲ್ಲದೆ ಚರ್ಮದ ಹುಣ್ಣು ಕಾಣಿಸಿಕೊಳ್ಳುವುದುಂಟು. ಹಾಗೆ ಕಾಣಿಸಿಕೊಂಡ ಹುಣ್ಣನ್ನು ಯಾರಿಗೂ ತೋರಿಸದೆ ಬಿಡುವುದು ಮಾತ್ರ ನಿರ್ಲಕ್ಷ್ಯವೇ.

ಅನುಭವ ಸಾಲದೆಂಬ ನಿಮ್ಮ ಅನುಮಾನಕ್ಕೆ ಉತ್ತರ ಇಲ್ಲಿದೆ: ಕಂಡದ್ದರ ಅರ್ಥ ತಪ್ಪಿರಬಹುದು, ಕಂಡದ್ದು ತಪ್ಪಲ್ಲ. ಇಲಿ ಬೇಟೆಗೆ ಗುರಿಯಾಗುವ ಪ್ರಾಣಿಯಾದ್ದರಿಂದ ಯಾರಾದರೂ ಕೋಣೆಗೆ ಬಂದ ಕ್ಷಣ ನೋವನ್ನು ಮರೆಮಾಚುತ್ತದೆ; ಪಂಜರವನ್ನು ಮುಟ್ಟದೆ ಕೆಲವು ನಿಮಿಷ ಸುಮ್ಮನೆ ನಿಂತು ಆಮೇಲೆ ನೋಡಬೇಕು. ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದ ಸಂಶೋಧಕರು 2010ರಲ್ಲಿ ಇಲಿಯ ಮುಖಭಾವದಿಂದ ನೋವನ್ನು ಅಳೆಯುವ ಕ್ರಮವನ್ನು ಪ್ರಕಟಿಸಿದರು. ಅದರಲ್ಲಿ ನೋಡುವುದು ಐದು ಸಂಗತಿಗಳನ್ನು: ಕಣ್ಣು ಕಿರಿದಾಗಿದೆಯೇ, ಮೂಗಿನ ಮೇಲ್ಭಾಗ ಉಬ್ಬಿದೆಯೇ, ಕೆನ್ನೆ ಉಬ್ಬಿದೆಯೇ, ಕಿವಿ ಹಿಂದಕ್ಕೆ ಸರಿದಿದೆಯೇ, ಮೀಸೆಯ ನಿಲುವು ಬದಲಾಗಿದೆಯೇ. ಇದರ ಜೊತೆಗೆ ಗೂನುಬೆನ್ನು, ನಿಮಿರಿನಿಂತ ರೋಮ, ಕೊಟ್ಟ ಹತ್ತಿಯಿಂದ ಗೂಡು ಕಟ್ಟದೆ ಬಿಟ್ಟಿರುವುದು, ತೂಕ ಇಳಿದಿರುವುದು ಇವೆಲ್ಲ ಯಾರು ಬೇಕಾದರೂ ಕಲಿತು ಬರೆದಿಡಬಹುದಾದ ಚಿಹ್ನೆಗಳು. ನಿಮ್ಮ ಗೆಡ್ಡೆಯ ಇಲಿಯ ವಿಷಯದಲ್ಲಂತೂ ಅನುಮಾನಕ್ಕೆ ಹೆಚ್ಚು ಜಾಗವಿಲ್ಲ. ಗೆಡ್ಡೆ ದೇಹತೂಕದ ಸುಮಾರು ಶೇ. 10 ದಾಟುವುದು ಅಥವಾ ಉದ್ದ 2 ಸೆಂ.ಮೀ. ಆಸುಪಾಸಿಗೆ ಬರುವುದು, ಒಡೆದು ಹುಣ್ಣಾಗುವುದು, ನಡಿಗೆಗೆ ಅಡ್ಡಿಯಾಗುವುದು, ಪ್ರಾಣಿಯ ತೂಕ ಶೇ. 20ರಷ್ಟು ಇಳಿಯುವುದು: ಇವುಗಳಲ್ಲಿ ಯಾವುದೇ ಒಂದು ಕಂಡರೂ ಪ್ರಯೋಗವನ್ನು ಆ ಪ್ರಾಣಿಯ ಮಟ್ಟಿಗೆ ಅಲ್ಲಿಗೇ ನಿಲ್ಲಿಸಬೇಕು ಎಂಬುದು ಬಹಳಷ್ಟು ಸಂಸ್ಥೆಗಳು ಪಾಲಿಸುವ ಮಿತಿ. ನಿಮ್ಮ ಗುಂಪಿಗೆ ಅನ್ವಯವಾಗುವ ನಿಖರವಾದ ಮಿತಿ ಸಮಿತಿಯ ಒಪ್ಪಿಗೆ ಪಡೆದ ಪ್ರಯೋಗದ ಲಿಖಿತ ಯೋಜನೆಯಲ್ಲಿ, ಅಂದರೆ ಪ್ರೋಟೋಕಾಲ್‌ನಲ್ಲಿ ಬರೆದಿರುತ್ತದೆ.

ಆ ಪ್ರೋಟೋಕಾಲ್ ಪ್ರತಿಯನ್ನು ನೀವು ಓದಿದ್ದೀರಾ? ಆ ಕೆಲಸದಲ್ಲಿ ಕೈಜೋಡಿಸುವವರು ಅದನ್ನು ಓದಿರಲೇಬೇಕು ಎಂಬುದು ನಿಯಮವಾದ್ದರಿಂದ ಕೇಳಿ ಪಡೆಯಲು ಸಂಕೋಚ ಬೇಡ, ಅದನ್ನು ಯಾರೂ ಅನುಮಾನಿಸಲಾರರು. ‘ಕಮಿಟಿಯ ಒಪ್ಪಿಗೆ ಇದೆ’ ಎಂಬ ಮಾತು ಲ್ಯಾಬ್‌ಗಳಲ್ಲಿ ನಾನು ಅತಿ ಹೆಚ್ಚು ಕೇಳಿರುವ ಮತ್ತು ಅತಿ ಹೆಚ್ಚು ತಪ್ಪಾಗಿ ಬಳಕೆಯಾಗುವ ಮಾತು. ಸಮಿತಿ ಒಪ್ಪಿಗೆ ಕೊಡುವುದು ನಿರ್ದಿಷ್ಟ ಕೆಲಸಕ್ಕೆ, ನಿರ್ದಿಷ್ಟ ಸಂಖ್ಯೆಯ ಪ್ರಾಣಿಗಳಿಗೆ, ನಿರ್ದಿಷ್ಟ ಔಷಧ ಮತ್ತು ಮಿತಿಗಳ ಷರತ್ತಿನ ಮೇಲೆ. ಪ್ರೋಟೋಕಾಲ್‌ನಲ್ಲಿ ಶಸ್ತ್ರಚಿಕಿತ್ಸೆಯ ನಂತರ ಮೂರು ದಿನ ನೋವಿನ ಔಷಧ ಎಂದು ಬರೆದಿದ್ದು, ಒಂದು ದಿನ ಮಾತ್ರ ಕೊಡುತ್ತಿದ್ದರೆ ಆ ಕೆಲಸಕ್ಕೆ ಒಪ್ಪಿಗೆ ಇಲ್ಲ ಎಂದೇ ಅರ್ಥ. ತದ್ವಿರುದ್ಧವೂ ಸಾಧ್ಯ: ನಿಮಗೆ ಸಹಿಸಲಾಗದಂತೆ ಕಾಣುವ ಒಂದು ಹಂತವನ್ನು ಸಮಿತಿ ಕಾರಣಸಹಿತವಾಗಿ ಒಪ್ಪಿರಬಹುದು. ಆಗ ನಿಮ್ಮ ಆಕ್ಷೇಪವನ್ನು ನಿಯಮ ಉಲ್ಲಂಘನೆಯೆಂದು ಬರೆಯಬಾರದು. ಆ ಒಪ್ಪಿಗೆಯನ್ನೇ ಮರುಪರಿಶೀಲಿಸಿ ಎಂದು ಕೇಳಬೇಕು. ಹಾಗೆ ಕೇಳುವುದಕ್ಕೂ ದಾರಿ ಇದೆ.

ಇನ್ನು ವಾರಾಂತ್ಯದ ಔಷಧ. ಇಂಥ ತಪ್ಪುಗಳ ಹಿಂದೆ ನಾನು ಕಂಡಿರುವುದು ಬಹುಪಾಲು ಕಲ್ಲುಮನಸ್ಸನ್ನಲ್ಲ, ಕೆಟ್ಟ ವ್ಯವಸ್ಥೆಯನ್ನು. ಇಲಿಗಳಿಗೆ ಹೆಚ್ಚಾಗಿ ಕೊಡುವ ಬ್ಯುಪ್ರಿನಾರ್ಫಿನ್ ಅಫೀಮು ವರ್ಗಕ್ಕೆ ಸೇರಿದ್ದು. ಹಲವು ದೇಶಗಳಲ್ಲಿ ಅದನ್ನು ಬೀಗದೊಳಗೆ ಇಟ್ಟು ಪ್ರತಿ ಹನಿಗೂ ಲೆಕ್ಕ ಬರೆಯಬೇಕು. ಬೀಗದ ಕೈ ಒಬ್ಬರ ಬಳಿ ಇರುತ್ತದೆ, ಅವರು ಶನಿವಾರ ಬರುವುದಿಲ್ಲ. ಸಾಮಾನ್ಯ ರೂಪದಲ್ಲಿ ಅದರ ಪರಿಣಾಮ ಇಲಿಯ ದೇಹದಲ್ಲಿ ಕೆಲವು ಗಂಟೆ ಮಾತ್ರ ಉಳಿಯುವುದರಿಂದ, ಶುಕ್ರವಾರ ಸಂಜೆ ಕೊಟ್ಟ ಚುಚ್ಚುಮದ್ದು ಶನಿವಾರ ಮಧ್ಯಾಹ್ನದ ಹೊತ್ತಿಗೆ ಇಲ್ಲವೆಂದೇ ಲೆಕ್ಕ. ವಾರಾಂತ್ಯದಲ್ಲಿ ಬರುವ ಸಹಾಯಕರು ಒಬ್ಬರೇ. ಅವರ ಕೆಲಸ ನೀರು, ಆಹಾರ, ಕೋಣೆಯ ಉಷ್ಣಾಂಶ ನೋಡುವುದು. ಚುಚ್ಚುಮದ್ದು ಸಂಶೋಧನಾ ಗುಂಪಿನ ಹೊಣೆ ಎಂದು ಅವರು, ಪ್ರಾಣಿಗೃಹದವರ ಹೊಣೆ ಎಂದು ಗುಂಪಿನವರು ತಿಳಿದಿರುತ್ತಾರೆ. ಇದರ ಮೇಲೆ, ನೋವಿನ ಔಷಧ ಕೊಟ್ಟರೆ ಫಲಿತಾಂಶ ಕೆಡುತ್ತದೆ ಎಂಬ ಹಳೆಯ ನಂಬಿಕೆ ಬೇರೆ. ಔಷಧಕ್ಕೆ ತನ್ನದೇ ಪರಿಣಾಮವಿದೆ ಎಂಬುದು ನಿಜ; ಆದರೆ ಶಮನವಾಗದ ನೋವು ಕೂಡ ಒತ್ತಡದ ಹಾರ್ಮೋನುಗಳನ್ನು, ಆಹಾರ ಸೇವನೆಯನ್ನು, ರೋಗನಿರೋಧಕ ಶಕ್ತಿಯನ್ನು, ಗಾಯ ಮಾಯುವ ವೇಗವನ್ನು ಬದಲಿಸುತ್ತದೆ. ಔಷಧದ ಪರಿಣಾಮವನ್ನು ಎಲ್ಲ ಗುಂಪುಗಳಿಗೂ ಒಂದೇ ಪ್ರಮಾಣ ಕೊಟ್ಟು ಲೆಕ್ಕಕ್ಕೆ ತೆಗೆದುಕೊಳ್ಳಬಹುದು. ಒಂದೊಂದು ಇಲಿಯಲ್ಲಿ ಒಂದೊಂದು ರೀತಿ ಇರುವ ನೋವನ್ನು ಹಾಗೆ ಲೆಕ್ಕಕ್ಕೆ ಹಿಡಿಯಲಾಗದು. ಪ್ರಾಣಿಗಳ ಬಳಕೆಯನ್ನು ತಪ್ಪಿಸು, ಸಂಖ್ಯೆ ಕಡಿಮೆ ಮಾಡು, ನೋವು ತಗ್ಗಿಸು ಎಂಬ ಮೂರು ತತ್ವಗಳನ್ನು ರಸೆಲ್ ಮತ್ತು ಬರ್ಚ್ 1959ರಲ್ಲೇ ಮುಂದಿಟ್ಟಾಗ, ಮಾನವೀಯ ವಿಧಾನವೂ ಒಳ್ಳೆಯ ವಿಜ್ಞಾನವೂ ಜೊತೆಯಾಗಿಯೇ ಸಾಗುತ್ತವೆ ಎಂಬುದೇ ಅವರ ವಾದದ ತಿರುಳಾಗಿತ್ತು.

ಕಾರಣ ವ್ಯವಸ್ಥೆಯದಾಗಿದ್ದರೆ ಅದರ ಪರಿಹಾರ ಅಷ್ಟೇನೂ ಕಷ್ಟವಲ್ಲ: ಶಸ್ತ್ರಚಿಕಿತ್ಸೆಯನ್ನು ಸೋಮವಾರ, ಮಂಗಳವಾರಕ್ಕೆ ಸರಿಸಬಹುದು, ದೀರ್ಘಕಾಲ ಕೆಲಸಮಾಡುವ ರೂಪದ ಔಷಧ ಬಳಸಬಹುದು, ಸರದಿ ಪಟ್ಟಿ ಮಾಡಬಹುದು. ಈ ಒಂದು ಅಂಶವನ್ನು ನೀವು ಮೊದಲು ಗೈಡ್‌ ಅವರ ಬಳಿಯೇ, ಆರೋಪದ ಧಾಟಿಯಿಲ್ಲದೆ ಎತ್ತಬಹುದು ಎಂದು ನನ್ನ ಅಭಿಪ್ರಾಯ. ‘ಸರ್, ಶನಿವಾರ, ಭಾನುವಾರದ ಡೋಸ್ ಯಾರ ಜವಾಬ್ದಾರಿ ಎಂದು ನನಗೆ ತಿಳಿಯುತ್ತಿಲ್ಲ, ನಾವು ಒಂದು ಸರದಿ ಹಾಕಿಕೊಳ್ಳೋಣವೇ?’ ಎಂದು ಇಮೇಲ್‌ನಲ್ಲಿ ಕೇಳಿ. ಪ್ರಾಣಿಗಳ ಕೋಣೆಗೆ ಬಾರದ ಗೈಡ್‌ಗೆ ಅಲ್ಲಿ ಏನಾಗುತ್ತಿದೆ ಎಂದು ನಿಜಕ್ಕೂ ಗೊತ್ತಿಲ್ಲದಿರಬಹುದು. ಅವರು ಸರಿಪಡಿಸಿದರೆ ಇಲಿಗಳಿಗೆ ಮುಂದಿನ ಶನಿವಾರದಿಂದಲೇ ಅನುಕೂಲ. ಸರಿಪಡಿಸದಿದ್ದರೆ ತಿಳಿಸಿದ್ದಕ್ಕೆ ನಿಮ್ಮ ಬಳಿ ತಾರೀಕಿರುವ ದಾಖಲೆ ಇರುತ್ತದೆ. ಅವರ ಸ್ವಭಾವ ಬಲ್ಲವರು ನೀವು. ಅವರಿಗೆ ಹೇಳಿದ ಮಾತ್ರಕ್ಕೆ ತೊಂದರೆಯಾಗುತ್ತದೆ ಎಂದು ಕಂಡರೆ ಈ ಹೆಜ್ಜೆಯನ್ನು ಬಿಟ್ಟು ನೇರವಾಗಿ ಪಶುವೈದ್ಯರ ಬಳಿ ಹೋಗುವುದರಲ್ಲಿ ಯಾವ ತಪ್ಪೂ ಇಲ್ಲ.

ಸಹಿಯ ವಿಷಯ ಹಾಗಲ್ಲ. ಕೊಡದ ಔಷಧವನ್ನು ಕೊಟ್ಟೆವೆಂದು ಬರೆಯುವುದು ಸುಳ್ಳು ದಾಖಲೆ; ಅದು ಪ್ರಾಣಿಕಲ್ಯಾಣವನ್ನೂ ಮೀರಿ ಸಂಶೋಧನೆಯ ಪ್ರಾಮಾಣಿಕತೆಗೆ ಸಂಬಂಧಿಸಿದ್ದು, ಏಕೆಂದರೆ ನಾಳೆ ಪ್ರಬಂಧದಲ್ಲಿ ‘ಎಲ್ಲ ಪ್ರಾಣಿಗಳಿಗೂ ನೋವುನಿವಾರಕ ನೀಡಲಾಯಿತು’ ಎಂಬ ವಾಕ್ಯ ಅಚ್ಚಾಗುತ್ತದೆ. ಆದರೆ ಇಲ್ಲಿಯೇ ನೀವು ಅತ್ಯಂತ ಎಚ್ಚರದಿಂದ ಇರಬೇಕು. ನೀವು ಕಂಡಿರುವುದು ಶನಿವಾರ ಖಾಲಿಯಿದ್ದ ಜಾಗ ಸೋಮವಾರ ತುಂಬಿರುವುದನ್ನು. ಯಾರೋ ಭಾನುವಾರ ರಾತ್ರಿ ಬಂದು ಹೋಗಿರಬಹುದು, ಅಥವಾ ಔಷಧ ಕೊಟ್ಟು ಆಮೇಲೆ ಬರೆದಿರಬಹುದು. ಬೀಗದ ಪೆಟ್ಟಿಗೆಯ ಔಷಧ ಲೆಕ್ಕದ ಪುಸ್ತಕ, ಬಾಗಿಲಿನ ಕಾರ್ಡ್ ದಾಖಲೆ ಇವೆರಡನ್ನೂ ತಾಳೆ ನೋಡಿದರೆ ಸತ್ಯ ತಾನಾಗಿ ಹೊರಬರುತ್ತದೆ. ಹಾಗೆ ತಾಳೆ ನೋಡುವ ಅಧಿಕಾರ ಸಮಿತಿಗಿದೆ, ನಿಮಗಿಲ್ಲ. ಆದ್ದರಿಂದ ನಿಮ್ಮ ಪತ್ರದಲ್ಲಿ ‘ಸುಳ್ಳು ಸಹಿ’ ಎಂಬ ಮಾತೇ ಬೇಡ. ಹೀಗೆ ಬರೆಯಿರಿ: ‘ಶನಿವಾರ ಬೆಳಿಗ್ಗೆ 10 ಗಂಟೆಗೆ ನಾನು ಕೋಣೆಯಲ್ಲಿದ್ದಾಗ ಈ ಸಂಖ್ಯೆಯ ಪಂಜರದ ಎರಡು ಇಲಿಗಳು ಬೆನ್ನು ಗೂನಾಗಿಸಿ, ರೋಮ ನಿಮಿರಿ, ಕಣ್ಣು ಅರೆಮುಚ್ಚಿ ಮೂಲೆಯಲ್ಲಿ ಕುಳಿತಿದ್ದವು. ಗೂಡಿನ ಹತ್ತಿ ಮುಟ್ಟಿದಂತಿರಲಿಲ್ಲ. ನೋವುನಿವಾರಕದ ಹಾಳೆಯಲ್ಲಿ ಆ ದಿನದ ಜಾಗ ಖಾಲಿಯಿತ್ತು. ಭಾನುವಾರ ಸಂಜೆ 5ಕ್ಕೆ ನೋಡಿದಾಗಲೂ ಎರಡೂ ದಿನದ ಜಾಗ ಖಾಲಿಯಿತ್ತು. ಸೋಮವಾರ ಬೆಳಿಗ್ಗೆ 9ಕ್ಕೆ ಎರಡರಲ್ಲೂ ಸಹಿ ಇತ್ತು. ಔಷಧ ಲೆಕ್ಕದ ಪುಸ್ತಕದೊಂದಿಗೆ ಇದನ್ನು ಪರಿಶೀಲಿಸಬೇಕೆಂದು ಕೋರುತ್ತೇನೆ.’

ಕಂಡದ್ದಕ್ಕೂ ಊಹಿಸಿದ್ದಕ್ಕೂ ನಡುವಿನ ಗೆರೆ ಎಷ್ಟು ಮುಖ್ಯ ಎಂಬುದಕ್ಕೆ ನೂರು ವರ್ಷಕ್ಕೂ ಹಿಂದಿನ ಒಂದು ಪ್ರಕರಣವನ್ನು ನಾನು ವಿದ್ಯಾರ್ಥಿಗಳಿಗೆ ತಪ್ಪದೆ ಹೇಳುತ್ತೇನೆ. 1903ರ ಫೆಬ್ರುವರಿಯಲ್ಲಿ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ವಿಲಿಯಂ ಬೇಲಿಸ್ ಎಂಬ ಶರೀರಕ್ರಿಯಾ ವಿಜ್ಞಾನಿ ವಿದ್ಯಾರ್ಥಿಗಳ ಮುಂದೆ ಕಂದು ಬಣ್ಣದ ನಾಯಿಯೊಂದರ ಮೇಲೆ ಪ್ರಯೋಗ ಪ್ರದರ್ಶಿಸಿದರು. ಅಲ್ಲಿದ್ದ ಸ್ವೀಡನ್ನಿನ ಇಬ್ಬರು ವಿದ್ಯಾರ್ಥಿನಿಯರು ತಮ್ಮ ಟಿಪ್ಪಣಿಯಲ್ಲಿ ಎರಡು ಸಂಗತಿಗಳನ್ನು ಬರೆದುಕೊಂಡರು: ನಾಯಿಯ ಮೈಮೇಲೆ ಹಿಂದಿನ ಶಸ್ತ್ರಚಿಕಿತ್ಸೆಯ ಗಾಯವಿತ್ತು, ನಾಯಿಗೆ ಸರಿಯಾಗಿ ಅರಿವಳಿಕೆ ಕೊಟ್ಟಿರಲಿಲ್ಲ. ಪ್ರಾಣಿ ಪ್ರಯೋಗ ವಿರೋಧಿ ಸಂಘದ ಸ್ಟೀಫನ್ ಕೋಲ್‌ರಿಡ್ಜ್ ಇದನ್ನು ಸಾರ್ವಜನಿಕ ಸಭೆಯಲ್ಲಿ ಕಟುವಾಗಿ ಸಾರಿದರು. ಬೇಲಿಸ್ ಮಾನನಷ್ಟ ಮೊಕದ್ದಮೆ ಹೂಡಿದರು. ನ್ಯಾಯಾಲಯದಲ್ಲಿ ಗಾಯದ ಮಾತು ನಿಜವೆಂದು ಹೊರಬಿತ್ತು. ಅದೇ ನಾಯಿಯ ಮೇಲೆ ಮೊದಲು ಶಸ್ತ್ರಚಿಕಿತ್ಸೆ ಮಾಡಿದ್ದ ಅರ್ನೆಸ್ಟ್ ಸ್ಟಾರ್ಲಿಂಗ್, ಒಂದೇ ಪ್ರಾಣಿಯನ್ನು ಎರಡು ಸಲ ಬಳಸಿ ಕಾನೂನು ಮೀರಿದ್ದನ್ನು ಒಪ್ಪಿಕೊಂಡರು. ಆದರೆ ಅರಿವಳಿಕೆಯ ಆರೋಪವನ್ನು ಸಾಬೀತುಪಡಿಸಲಾಗಲಿಲ್ಲ, ಬೇಲಿಸ್ ಗೆದ್ದರು, ಕೋಲ್‌ರಿಡ್ಜ್ 2,000 ಪೌಂಡ್ ಪರಿಹಾರ ತೆರಬೇಕಾಯಿತು. ಮುಂದೆ 1906ರಲ್ಲಿ ಬ್ರಿಟನ್ ಈ ವಿಷಯದ ಮೇಲೆ ರಾಯಲ್ ಕಮಿಷನ್ ನೇಮಿಸಿತು ಎಂಬುದೂ ನಿಜ. ಆದರೂ ಕಣ್ಣಾರೆ ಕಂಡ ಗಾಯವನ್ನು ಮಾತ್ರ ಆಗಲೇ ಅಧಿಕಾರಿಗಳ ಮುಂದಿಟ್ಟಿದ್ದರೆ ಎದುರಾಳಿಗೆ ಹೇಳಲು ಏನೂ ಇರುತ್ತಿರಲಿಲ್ಲ.

ನಿಮ್ಮ ಗೆಳತಿಯ ಸಲಹೆಯನ್ನು ನಾನು ಒಪ್ಪದಿರುವುದಕ್ಕೆ ಇದೇ ಮೊದಲ ಕಾರಣ. ಪ್ರಾಣಿಗೃಹಗಳಲ್ಲಿ ಅನುಮತಿಯಿಲ್ಲದೆ ಚಿತ್ರ ತೆಗೆಯುವುದನ್ನು ಬಹುತೇಕ ಸಂಸ್ಥೆಗಳು ನಿಷೇಧಿಸಿವೆ. ವಿಡಿಯೊ ಹೊರಬಿದ್ದ ದಿನದಿಂದ ಚರ್ಚೆ ಇಲಿಗಳನ್ನು ಬಿಟ್ಟು, ಅದನ್ನು ತೆಗೆದವರು ಯಾರು, ನಿಯಮ ಮೀರಿದ್ದೇಕೆ ಎಂಬುದರ ಸುತ್ತ ಸುತ್ತತೊಡಗುತ್ತದೆ, ಮತ್ತು ನಿಯಮ ಮೀರಿದವರಿಗೆ ಸಿಗಬೇಕಾದ ರಕ್ಷಣೆ ಸಡಿಲವಾಗುತ್ತದೆ. ಎಲ್ಲ ಅಧಿಕೃತ ದಾರಿಗಳೂ ಮುಚ್ಚಿದ ಮೇಲೆ ಹೊರಗೆ ಮಾತನಾಡಿದವರನ್ನು ನಾನು ದೂಷಿಸುವುದಿಲ್ಲ; ನೀವು ಇನ್ನೂ ಮೊದಲ ಬಾಗಿಲನ್ನೂ ತಟ್ಟಿಲ್ಲ. ಲ್ಯಾಬ್‌ನ ನೋಟ್‌ಬುಕ್, ಮೂಲ ಹಾಳೆಗಳನ್ನು ಮನೆಗೆ ಒಯ್ಯಬೇಡಿ. ನಿಮ್ಮ ಸ್ವಂತ ಪುಸ್ತಕದಲ್ಲಿ ತಾರೀಕು, ಸಮಯ, ಪಂಜರದ ಸಂಖ್ಯೆ, ಕಂಡದ್ದು, ಯಾರಿಗೆ ಹೇಳಿದಿರಿ, ಅವರೇನೆಂದರು ಇಷ್ಟನ್ನು ಆಯಾ ದಿನವೇ ಬರೆದಿಡಿ. ಚಿತ್ರ ಬೇಕೆಂದರೆ ಪಶುವೈದ್ಯರು ಅಧಿಕೃತವಾಗಿ ತೆಗೆಯಲಿ.

ನೀವು ಯಾವ ದೇಶದವರೆಂದು ತಿಳಿಸಿಲ್ಲ. ವ್ಯವಸ್ಥೆಯ ಚೌಕಟ್ಟು ಬಹುತೇಕ ಕಡೆ ಒಂದೇ. ಭಾರತದಲ್ಲಿ 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ ಅಡಿಯ 1998ರ ನಿಯಮಗಳಂತೆ ಪ್ರತಿ ಸಂಸ್ಥೆಯಲ್ಲೂ ಪ್ರಾಣಿ ನೈತಿಕ ಸಮಿತಿ ಇರಬೇಕು, ಅದರಲ್ಲಿ ಸಿಪಿಸಿಎಸ್‌ಇಎ ಎಂದು ಬಹುಕಾಲ ಹೆಸರಾಗಿದ್ದ, ಈಗ ಸಿಸಿಎಸ್‌ಇಎ ಎನಿಸಿಕೊಂಡಿರುವ ಕೇಂದ್ರ ಸಮಿತಿಯ ಪ್ರತಿನಿಧಿ ಇರುತ್ತಾರೆ. ಸಂಸ್ಥೆಯೊಳಗಿನವರ ಮೇಲೆ ನಂಬಿಕೆಯಿಲ್ಲದಿದ್ದರೆ ಆ ಪ್ರತಿನಿಧಿಯನ್ನೇ ಸಂಪರ್ಕಿಸಬಹುದು. ಬ್ರಿಟನ್ನಿನ 1986ರ ಕಾಯ್ದೆಯಡಿ ಪ್ರತಿ ಸಂಸ್ಥೆಯಲ್ಲೂ ಪ್ರಾಣಿಗಳ ಆರೈಕೆಗೆ ಹೊಣೆಯಾದ ನಿಯೋಜಿತ ಅಧಿಕಾರಿ ಮತ್ತು ಪಶುವೈದ್ಯರು ಇರುತ್ತಾರೆ, ಮೇಲೆ ಗೃಹ ಇಲಾಖೆಯ ನಿಯಂತ್ರಣ ಘಟಕವಿದೆ. ಯುರೋಪಿನ ಒಕ್ಕೂಟದಲ್ಲಿ 2010ರ ನಿರ್ದೇಶನ ಪ್ರತಿ ಸಂಸ್ಥೆಗೂ ಪ್ರಾಣಿಕಲ್ಯಾಣ ಮಂಡಳಿಯನ್ನು ಕಡ್ಡಾಯ ಮಾಡಿದೆ. ಅಮೆರಿಕದಲ್ಲಿ ಸಂಸ್ಥೆಯ ಸಮಿತಿ ಆರು ತಿಂಗಳಿಗೊಮ್ಮೆ ತಪಾಸಣೆ ಮಾಡಬೇಕು, ಬಂದ ದೂರುಗಳನ್ನು ಪರಿಶೀಲಿಸಬೇಕು. ಅಲ್ಲಿನ ಪ್ರಾಣಿಕಲ್ಯಾಣ ಕಾಯ್ದೆ ಸಂಶೋಧನೆಗೆಂದೇ ಬೆಳೆಸಿದ ಇಲಿಗಳನ್ನು ಹೊರಗಿಟ್ಟಿರುವುದರಿಂದ ‘ಇಲಿಗಳಿಗೆ ಕಾನೂನೇ ಇಲ್ಲ’ ಎಂಬ ಮಾತು ಹರಡಿದೆ. ಸರ್ಕಾರದ ಆರೋಗ್ಯ ಸಂಶೋಧನಾ ಅನುದಾನ ಪಡೆಯುವ ಸಂಸ್ಥೆಗಳಿಗೆ ಅನ್ವಯವಾಗುವ ನೀತಿಯಾದರೋ ಬದುಕಿರುವ ಎಲ್ಲ ಕಶೇರುಕಗಳನ್ನೂ ಒಳಗೊಂಡಿದೆ. ಭಾರತದ ಕಾಯ್ದೆಯಲ್ಲಂತೂ ಮನುಷ್ಯನನ್ನು ಬಿಟ್ಟು ಎಲ್ಲ ಜೀವಿಗಳೂ ಪ್ರಾಣಿಗಳೇ.

ಹೆಸರಿಲ್ಲದೆ ದೂರು ಕೊಡಬಹುದು, ಬಹಳ ಸಂಸ್ಥೆಗಳಲ್ಲಿ ಅದಕ್ಕೆ ಅವಕಾಶವಿದೆ. ಆದರೆ ಐದಾರು ಜನರ ಗುಂಪಿನಲ್ಲಿ, ಶನಿವಾರ ಬೆಳಿಗ್ಗೆ ಕೋಣೆಯಲ್ಲಿದ್ದವರು ಯಾರು ಎಂದು ಊಹಿಸುವುದು ಕಷ್ಟವಲ್ಲ. ಗುರುತು ಸಿಗದಂತೆ ವಿವರಗಳನ್ನು ಅಳಿಸಿದರೆ ಪರಿಶೀಲಿಸಲು ಏನೂ ಉಳಿಯುವುದಿಲ್ಲ, ಸಮಿತಿ ಮರುಪ್ರಶ್ನೆ ಕೇಳಲೂ ಆಗುವುದಿಲ್ಲ. ನಾನು ಹೆಚ್ಚು ನಂಬುವ ದಾರಿ ಗೋಪ್ಯ ದೂರು: ಪಶುವೈದ್ಯರಿಗೆ ಅಥವಾ ಸಮಿತಿಯ ಅಧ್ಯಕ್ಷರಿಗೆ ನಿಮ್ಮ ಹೆಸರು ಗೊತ್ತಿರುತ್ತದೆ, ಗುಂಪಿಗೆ ತಿಳಿಸುವುದಿಲ್ಲ. ಅವರು ಅದನ್ನು ಅಚಾನಕ್ ತಪಾಸಣೆಯಾಗಿ ಮಾಡಬಹುದು. ಆಗ ವಾರಾಂತ್ಯದ ಹಾಳೆಗಳ ಪ್ರಶ್ನೆಯನ್ನು ಎತ್ತಿದವರು ಸಮಿತಿಯವರೇ ಆಗಿರುತ್ತಾರೆ. ನಿಮ್ಮ ಗೈಡ್ ಸ್ವತಃ ಸಮಿತಿಯ ಸದಸ್ಯರಾಗಿದ್ದರೆ ಆ ವಿಷಯದ ಚರ್ಚೆಯಿಂದ ಅವರು ಹೊರಗುಳಿಯಬೇಕು ಎಂದು ಪತ್ರದಲ್ಲೇ ವಿನಂತಿಸಿ.

ಪದವಿಯ ಬಗ್ಗೆ ನಿಮಗಿರುವ ಭಯ ಆಧಾರವಿಲ್ಲದ್ದು ಎಂದು ನಾನು ಹೇಳಲಾರೆ. ಅಮೆರಿಕದ ನಿಯಮಗಳು ಇಂಥ ದೂರು ಕೊಟ್ಟ ಸಿಬ್ಬಂದಿಯ ಮೇಲೆ ಸೇಡು ತೀರಿಸಿಕೊಳ್ಳುವುದನ್ನು ಸ್ಪಷ್ಟವಾಗಿ ನಿಷೇಧಿಸಿವೆ, ಹಲವು ವಿಶ್ವವಿದ್ಯಾಲಯಗಳ ನೀತಿಗಳಲ್ಲೂ ಈ ಮಾತಿದೆ. ಆದರೆ ಸೇಡು ಎಂದರೆ ಬರೀ ಹೊರಹಾಕುವುದಲ್ಲ. ತಡವಾಗುವ ಅಧ್ಯಾಯ ಪರಿಶೀಲನೆ, ಉತ್ಸಾಹವಿಲ್ಲದ ಶಿಫಾರಸು ಪತ್ರ, ಊಟದ ಹೊತ್ತಿನಲ್ಲಿ ಮಾತು ನಿಲ್ಲಿಸುವ ಸಹಪಾಠಿಗಳು, ಇವನ್ನು ಯಾವ ನಿಯಮವೂ ಸುಲಭವಾಗಿ ಹಿಡಿಯಲಾರದು. ಆದ್ದರಿಂದ ದೂರಿಗೆ ಮೊದಲೇ ಒಂದಿಷ್ಟು ಸಿದ್ಧತೆ ಇರಲಿ. ನಿಮ್ಮ ಪ್ರಗತಿ ಚೆನ್ನಾಗಿದೆ ಎಂಬುದಕ್ಕೆ ಈವರೆಗಿನ ವರದಿಗಳನ್ನು, ಇಮೇಲ್‌ಗಳನ್ನು ಜೋಡಿಸಿಡಿ. ಸಲಹಾ ಸಮಿತಿಯಲ್ಲಿ ನಿಮ್ಮ ಕೆಲಸ ಬಲ್ಲ ಇನ್ನೊಬ್ಬ ಅಧ್ಯಾಪಕರೊಂದಿಗೆ ಸಂಪರ್ಕ ಗಟ್ಟಿ ಮಾಡಿಕೊಳ್ಳಿ. ಗೈಡ್ ಬದಲಾವಣೆಗೆ ನಿಮ್ಮ ವಿಶ್ವವಿದ್ಯಾಲಯದ ನಿಯಮ ಏನೆಂದು ಓದಿ ತಿಳಿದಿರಿ. ಸುಮ್ಮನಿರುವುದರಲ್ಲೂ ಅಪಾಯವಿದೆ: ಆ ದತ್ತಾಂಶ ನಿಮ್ಮ ಪ್ರಬಂಧದೊಳಗೂ ಬರುತ್ತದೆ, ಮುಂದೆಂದಾದರೂ ಹಾಳೆಗಳ ಸತ್ಯ ಹೊರಬಿದ್ದರೆ ನಿಮ್ಮ ಹೆಸರೂ ಅದರ ಜೊತೆಗಿರುತ್ತದೆ.

ದೂರು ಕೊಟ್ಟರೆ ಲ್ಯಾಬ್ ಮುಚ್ಚುತ್ತದೆ ಎಂದು ಹಿಂಜರಿಯುವವರು ಬಹಳ. ನಾನು ಕಂಡಂತೆ ಹೆಚ್ಚಿನ ದೂರುಗಳು ಮುಗಿಯುವುದು ಮರುತರಬೇತಿ, ಹೊಸ ಸರದಿ, ಪಶುವೈದ್ಯರ ಹೆಚ್ಚುವರಿ ಭೇಟಿ, ಇಲ್ಲವೇ ಒಂದು ನಿರ್ದಿಷ್ಟ ಶಸ್ತ್ರಚಿಕಿತ್ಸೆಯ ತಾತ್ಕಾಲಿಕ ತಡೆಯಲ್ಲಿ. ಪ್ರೋಟೋಕಾಲ್ ಅಮಾನತಾಗುವುದು ಗಂಭೀರವಾದ ಅಥವಾ ಮರುಕಳಿಸಿದ ಉಲ್ಲಂಘನೆಗಳಲ್ಲಿ. ತನಿಖೆಯ ಎಲ್ಲ ವಿವರ ನಿಮಗೆ ತಿಳಿಸಲಾರರು, ಆದರೆ ದೂರು ತಲುಪಿದೆ, ಪರಿಶೀಲನೆ ಮುಗಿದಿದೆ ಎಂಬಷ್ಟನ್ನು ಕೇಳುವ ಹಕ್ಕು ನಿಮಗಿದೆ. ಎರಡು ವಾರವಾದರೂ ಸ್ವೀಕೃತಿ ಬರದಿದ್ದರೆ ಹಳೆಯ ಪತ್ರದ ಪ್ರತಿಯೊಂದಿಗೆ ಮತ್ತೆ ಬರೆಯಿರಿ. ಆಮೇಲೂ ಮೌನವಿದ್ದರೆ ಸಂಸ್ಥೆಯ ಹೊರಗಿನ ನಿಯಂತ್ರಕರಿಗೆ, ಅನುದಾನ ಕೊಟ್ಟ ಸಂಸ್ಥೆಗೆ ಬರೆಯುವುದು ಪೂರ್ತಿ ಸರಿಯಾದ ಮುಂದಿನ ಹೆಜ್ಜೆ.

ಇದೆಲ್ಲದರ ನಡುವೆ ನಿಮ್ಮ ಸ್ವಂತ ಸಹಿಯನ್ನು ಕಾಪಾಡಿಕೊಳ್ಳಿ. ನೀವೇ ಕೊಟ್ಟ ಅಥವಾ ಕಣ್ಣೆದುರೇ ಕೊಟ್ಟ ಔಷಧಕ್ಕಲ್ಲದೆ ಬೇರೆ ಯಾವ ಜಾಗದಲ್ಲೂ ಹೆಸರು ಬರೆಯಬೇಡಿ, ‘ಸುಮ್ಮನೆ ತುಂಬಿಬಿಡು’ ಎಂದು ಯಾರಾದರೂ ಹೇಳಿದರೆ ಆಗುವುದಿಲ್ಲ ಎನ್ನಿ. ಅದೇ ದಿನ ‘ನಾನು ಆ ಡೋಸ್ ನೋಡಿಲ್ಲವಾದ್ದರಿಂದ ಸಹಿ ಹಾಕಿಲ್ಲ’ ಎಂದು ಅವರಿಗೆ ಒಂದು ಸಾಲಿನ ಇಮೇಲ್ ಕಳಿಸಿ, ಅದರ ಪ್ರತಿಯನ್ನು ಉಳಿಸಿಕೊಳ್ಳಿ.